ಕಡಲಡಿಯ ಊರು ಸಿನಿಮಾ ಆಗುವವರೆಗೆ

ಬೀಡಿ ಕಟ್ಟುವವರ ಕಣ್ಣು ಎಲೆಯ ಮೇಲೆ, ಬೆರಳು ನೂಲಿನ ಮೇಲೆ. ಕಿವಿಗೆ ಮಾತ್ರ ಕೆಲಸವಿಲ್ಲ. ಆ ಕೆಲಸವಿಲ್ಲದ ಕಿವಿಗಳಿಗಾಗಿ ನನ್ನ ಅಮ್ಮ ಓದುತ್ತಿದ್ದಳು.

ಕಾಪುವಿನಲ್ಲಿ ನಮ್ಮ ಮನೆ ಪೇಟೆಗೂ ಕಡಲಿಗೂ ನಡುವೆ ಇತ್ತು. ಮಧ್ಯಾಹ್ನ ಗಂಜಿ ಉಂಡು, ಪಾತ್ರೆ ತೊಳೆದು ಕವುಚಿ ಹಾಕಿ, ನೆರೆಯ ಹೆಂಗಸರು ತಂತಮ್ಮ ಬೆತ್ತದ ತಡಪೆ, ಅಂದರೆ ಮೊರ, ಹಿಡಿದುಕೊಂಡು ಬಂದು ನಮ್ಮ ಚಾವಡಿಯ ಗೋಡೆಗೆ ಒರಗಿ ಕೂರುತ್ತಿದ್ದರು. ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಹೊಗೆಸೊಪ್ಪಿನ ಹುಡಿ, ಕತ್ತರಿ, ತಗಡಿನ ಅಳತೆ, ನೂಲಿನ ಉಂಡೆ ಎಲ್ಲವೂ ಆ ತಡಪೆಯಲ್ಲೇ. ಅಮ್ಮ ನಡುವಿನ ಕಂಬಕ್ಕೆ ಬೆನ್ನು ಕೊಟ್ಟು ವಾರಪತ್ರಿಕೆ ಬಿಡಿಸುತ್ತಿದ್ದಳು. ಓದುವವಳಿಗೆ ಬೀಡಿ ಕಟ್ಟಲಾಗುವುದಿಲ್ಲ. ಹಾಗಾಗಿ ಓದು ಮುಗಿದು ಏಳುವಾಗ ಪ್ರತಿಯೊಬ್ಬಳೂ ತಾನು ಕಟ್ಟಿದ್ದರಲ್ಲಿ ಒಂದು ಹಿಡಿ ಅಮ್ಮನ ತಡಪೆಗೆ ಹಾಕಿ ಹೋಗುವುದು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ, ಯಾರೂ ಅದನ್ನು ಕೂಲಿ ಎಂದು ಕರೆಯಲಿಲ್ಲ. ಕಥೆ ರುಚಿಸಿದ ದಿನ ಹಿಡಿ ದೊಡ್ಡದಾಗುತ್ತಿತ್ತು. ರುಚಿಸದ ದಿನ, "ಇವತ್ತು ಎಂತ ಸಪ್ಪೆ ಓದಿದಿರಿ ಟೀಚರಕ್ಕ, ಬಾಯಿ ಬಿಟ್ಟ ಬೀಡಿ ಹಾಕ್ತೇನೆ ನೋಡಿ" ಎಂದು ಯಾರಾದರೂ ತಮಾಷೆ ಮಾಡುತ್ತಿದ್ದರು. ಅಮ್ಮ ಟೀಚರ್ ಆಗಿರಲಿಲ್ಲ. ಎಂಟನೇ ಕ್ಲಾಸಿನವರೆಗೆ ಹೋಗಿದ್ದಳು, ಅಷ್ಟೆ. ಆ ಚಾವಡಿಗೆ ಅಷ್ಟು ಸಾಕಿತ್ತು.

ಪತ್ರಿಕೆ ಬರುತ್ತಿದ್ದುದು ಅಪ್ಪನ ಕೈಯಲ್ಲಿ. ಅಪ್ಪನಿಗೆ ಉಡುಪಿಯ ಒಂದು ಹೋಟೆಲಿನಲ್ಲಿ ದೋಸೆ ಹಿಟ್ಟು ಕಡೆಯುವ ಕೆಲಸ. ವಾರಕ್ಕೊಮ್ಮೆ ಮನೆಗೆ ಬರುವಾಗ, ಹೋಟೆಲಿನ ಗಲ್ಲೆಯ ಮೇಲೆ ಗಿರಾಕಿಗಳು ತಿರುವಿ ತಿರುವಿ ಹಳತಾದ ವಾರಪತ್ರಿಕೆಯನ್ನು ಮಡಚಿ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ. ಲೋಕವೆಲ್ಲ ಓದಿ ಮುಗಿಸಿದ್ದನ್ನು ನಾವು ಒಂದು ವಾರ ತಡವಾಗಿ, ಸಾಂಬಾರಿನ ಕಲೆಯ ಸಮೇತ ಓದುತ್ತಿದ್ದೆವು. ಪತ್ರಿಕೆ ಕನ್ನಡದ್ದು, ನಮ್ಮ ಮಾತು ತುಳು. ಅಮ್ಮ ನಾಲ್ಕು ಸಾಲು ಕನ್ನಡದಲ್ಲಿ ಓದಿ, ಮತ್ತೆ ಅದನ್ನೇ ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಕಥೆ ಬಿಸಿಯೇರಿದರೆ ಓದು ಕಡಿಮೆಯಾಗಿ ಹೇಳುವುದೇ ಹೆಚ್ಚಾಗುತ್ತಿತ್ತು. ಅವರೆಲ್ಲ ಆಡಿದ್ದನ್ನು ನಾನೀಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಡಿದವರು ಓದಿದರೆ ನಕ್ಕಾರು.

ಎಪ್ಪತ್ತರ ದಶಕದ ನಡುವೆ ಆ ಪತ್ರಿಕೆಯಲ್ಲಿ ಒಂದು ಮಾಯಾಲೋಕದ ಕಾದಂಬರಿ ಧಾರಾವಾಹಿಯಾಗಿ ಬಂತು. ಕಡಲಿನ ತಳದಲ್ಲಿ ಒಂದು ಊರು. ಮುಳುಗಿದವರೆಲ್ಲ ಅಲ್ಲಿ ಇರುತ್ತಾರೆ. ಚಿಪ್ಪಿನ ಮಾಡು, ಹವಳದ ಬೇಲಿ, ಬೀದಿಯಲ್ಲಿ ದೀಪದ ಬದಲು ಹೊಳೆಯುವ ಮೀನು. ಹೊಸದಾಗಿ ಬಂದವರಿಗೆ ಅಲ್ಲಿಯವರು ಒಂದು ಬಟ್ಟಲು ಸಿಹಿನೀರು ಕೊಡುತ್ತಾರೆ. ಅದನ್ನು ಕುಡಿದರೆ ನೆಲದ ನೆನಪೆಲ್ಲ ಹೋಗಿಬಿಡುತ್ತದೆ. ಮುಳುಗಿದವರು ಮೇಲೆ ಹೋಗದಂತೆ ಕಾವಲೂ ಇರುತ್ತದೆ. ಒಬ್ಬ ಮೀನುಗಾರನ ಹೆಂಡತಿ ತನ್ನ ಗಂಡನನ್ನು ಹುಡುಕಿಕೊಂಡು ಅಲ್ಲಿಗೆ ಇಳಿಯುತ್ತಾಳೆ. ಇದು ಕಥೆ.

ನಮ್ಮ ಚಾವಡಿಯಲ್ಲಿ ಈ ಕಥೆ ಕೇಳುತ್ತಿದ್ದವರಲ್ಲಿ ಪಡುಮನೆ ಅಕ್ಕನೂ ಇದ್ದಳು. ನಮ್ಮ ಮನೆಯಿಂದ ಪಡುವಣಕ್ಕೆ, ಕಡಲಿನ ಬದಿಗೆ ಅವಳ ಮನೆ. ಹಾಗಾಗಿ ಪಡುಮನೆ ಅಕ್ಕ. ಅವಳ ಗಂಡ ಮಲ್ಪೆಯಿಂದ ಹೊರಟ ಒಂದು ಬೋಟಿನಲ್ಲಿ ಹೋದವನು ಬಂದಿರಲಿಲ್ಲ. ಬೋಟಿನ ಹಲಗೆ ಬಂತು, ಜೊತೆಗೆ ಹೋದವರ ಹೆಣಗಳು ದಡಕ್ಕೆ ಬಂದವು, ಅವನದು ಬರಲಿಲ್ಲ. ಕಥೆ ಶುರುವಾಗುವಾಗ ಅದಾಗಿ ಒಂದು ಮಳೆಗಾಲ ಕಳೆದಿತ್ತು. ಅವಳ ಕುತ್ತಿಗೆಯಲ್ಲಿ ಕರಿಮಣಿ ಇತ್ತು, ಹಣೆಯಲ್ಲಿ ಕುಂಕುಮ ಇತ್ತು. ಅಂಗಳದ ಹಗ್ಗದ ಮೇಲೆ ಅವನ ಮೈ ಒರಸುವ ಬೈರಾಸು ಒಂದು ಯಾವಾಗಲೂ ನೇತಾಡುತ್ತಿತ್ತು. ಬೇರೆ ಬಟ್ಟೆ ಒಣಗಿದರೆ ಎಲ್ಲವನ್ನೂ ತೆಗೆದು ಮಡಚುವಳು, ಆ ಬೈರಾಸನ್ನು ಮಾತ್ರ ಬಿಡುವಳು. ಕಡಲಿಗೆ ಹೋದವರು ಒದ್ದೆಯಾಗಿಯೇ ಬರುವುದಲ್ಲವೇ, ಬಂದ ಕೂಡಲೇ ಕೈಗೆ ಸಿಗಬೇಕು.

ನಮ್ಮ ಕಡೆ ಸತ್ತವರ ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡುವಾಗ ಅವರನ್ನು ಮನೆಯ ಒಳಗೆ ಕರೆಯುವ ಕ್ರಮ ಉಂಟು. ಎಲೆ ಹಾಕಿ, ಬಡಿಸಿ, ಬಾಗಿಲು ತೆರೆದು, "ಒಳಗೆ ಬಾ" ಎಂದು ಕರೆದು ಹಿರಿಯರ ಜೊತೆ ಸೇರಿಸುವುದು. ಅದಾಗುವವರೆಗೆ ಸತ್ತವರು ಹೊರಗೇ ಇರುತ್ತಾರೆ ಎಂದು ನಂಬಿಕೆ. ಪಡುಮನೆಯ ಅತ್ತೆ, ಅಂದರೆ ಹೋದವನ ತಾಯಿ, ಬೊಜ್ಜ ಮುಗಿಸಬೇಕೆಂದು ಹೇಳುತ್ತಲೇ ಇದ್ದಳು. ಅಕ್ಕ ಒಪ್ಪಲಿಲ್ಲ. "ಕಾಣದೆ ಹೇಗೆ ಕರೆಯುವುದು?" ಎನ್ನುವಳು. ಜಗಳವಿಲ್ಲ, ಅಳುವಿಲ್ಲ, ಅಷ್ಟು ಹೇಳಿ ತಡಪೆ ಎತ್ತಿಕೊಂಡು ನಮ್ಮಲ್ಲಿಗೆ ಬರುವಳು.

ಪತ್ರಿಕೆ ಮನೆಗೆ ಬಂದ ಕೂಡಲೇ ಅಮ್ಮನಿಗಿಂತ ಮೊದಲು ಓದುತ್ತಿದ್ದವಳು ನಾನು. ಬಚ್ಚಲ ಒಲೆಗೆ ಸೌದೆ ದೂಡುವ ನೆಪದಲ್ಲಿ ಅಲ್ಲೇ ಕುಳಿತು ಓದಿ ಮುಗಿಸುತ್ತಿದ್ದೆ. ಕೊನೆಯ ಕಂತನ್ನೂ ಹಾಗೆಯೇ ಓದಿದೆ. ಹೆಂಡತಿ ಗಂಡನ ಮುಂದೆ ಹೋಗಿ ನಿಲ್ಲುತ್ತಾಳೆ. ಅವನು ಬಟ್ಟಲು ಕುಡಿದಾಗಿದೆ. ಯಾರೋ ದಾರಿ ಕೇಳಲು ಬಂದವಳು ಎಂದುಕೊಂಡು ಬದಿಗೆ ಸರಿದು ದಾರಿ ಬಿಡುತ್ತಾನೆ. ಅವಳು ಒಬ್ಬಳೇ ಮೇಲೆ ಬರುತ್ತಾಳೆ. ಮುಗಿಯಿತು.

ಮಾರನೆಯ ಮಧ್ಯಾಹ್ನ ಚಾವಡಿಯಲ್ಲಿ ಕತ್ತರಿಯ ಸದ್ದೂ ಇರಲಿಲ್ಲ. ಅಮ್ಮ ಓದಿದಳು. ಹೆಂಡತಿ ಗಂಡನ ಮುಂದೆ ನಿಂತಲ್ಲಿಗೆ ಬಂದು ಒಮ್ಮೆ ತಲೆ ಎತ್ತಿದಳು. ಎದುರಿಗೆ ಪಡುಮನೆ ಅಕ್ಕ, ಕೈಯಲ್ಲಿ ಅರ್ಧ ಸುರುಳಿಯಾದ ಎಲೆ. ಅಮ್ಮ ಮತ್ತೆ ಪತ್ರಿಕೆಗೆ ಕಣ್ಣು ಇಟ್ಟು ತುಳುವಿನಲ್ಲಿ ಹೇಳಲು ಶುರು ಮಾಡಿದಳು. ಗಂಡ ಬಟ್ಟಲಿನ ನೀರನ್ನು ಕುಡಿದಿರಲಿಲ್ಲ, ಬಾಯಿಯಲ್ಲೇ ಇಟ್ಟುಕೊಂಡು ಆಚೆ ಹೋಗಿ ಉಗಿದಿದ್ದ. "ನೀನು ಹೋಗು, ಕಾವಲು ತಪ್ಪಿದ ದಿನ ಬರ್ತೇನೆ" ಎಂದ. ಹಾಗೆಯೇ ಒಂದು ಬೆಳಿಗ್ಗೆ ಬಂದ. ಗಡ್ಡದಲ್ಲಿ ಉಪ್ಪು ಕಟ್ಟಿತ್ತು. ಕೂದಲಿನಲ್ಲಿ ಪಾಚಿ. ನೆಲದ ಮೇಲೆ ನಡೆಯಲು ಮರೆತುಹೋಗಿ ಹೊಸ ಕರುವಿನ ಹಾಗೆ ಕಾಲು ಅದುರುತ್ತಿತ್ತು. ಮಾತು ಹೊರಡಲಿಲ್ಲ, ಬಾಯಿಂದ ಮೊದಲು ನೀರು ಬಂತು. ಹೆಂಡತಿ ಬೈರಾಸು ಹಿಡಿದುಕೊಂಡು ದಡದಲ್ಲಿ ನಿಂತಿದ್ದಳು.

ನಾನು ಬಾಯಿ ತೆರೆದು ಅಮ್ಮನನ್ನೇ ನೋಡುತ್ತಿದ್ದೆ. ಅಮ್ಮ ನನ್ನ ಕಡೆ ತಿರುಗಿ, "ನೂಲು ತುಂಡಾಯ್ತು ನೋಡು, ಕಟ್ಟು" ಎಂದಳು. ನನ್ನ ನೂಲು ತುಂಡಾಗಿರಲಿಲ್ಲ.

ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು. ಪಡುಮನೆ ಅಕ್ಕ ಅಳಲಿಲ್ಲ. "ಪಾಚಿ ಇರ್ತದೆ, ಹೌದು" ಎಂದಳು ತನ್ನಷ್ಟಕ್ಕೆ. ಅವತ್ತು ಅಮ್ಮನ ತಡಪೆಗೆ ಬಿದ್ದ ಹಿಡಿಗಳಷ್ಟು ದೊಡ್ಡ ಹಿಡಿಗಳನ್ನು ನಾನು ಮತ್ತೆ ನೋಡಲಿಲ್ಲ.

ಅಡುಗೆ ಮನೆಯಲ್ಲಿ ಕೇಳಿದೆ. "ಅದರಲ್ಲಿ ಹಾಗೆ ಇಲ್ಲ ಅಲ್ವಾ ಅಮ್ಮ?"

"ಇಲ್ಲ."

"ಮತ್ತೆ?"

"ಅವಳ ಮುಖ ನೀನು ನೋಡಿದ್ಯಾ? ನನಗೆ ಎದುರಿಗೇ ಇತ್ತು." ಇಷ್ಟು ಹೇಳಿ ಅಮ್ಮ ಆ ಪುಟಗಳನ್ನು ಕಿತ್ತು ಬಚ್ಚಲ ಒಲೆಗೆ ಹಾಕಿದಳು.

ಬೀಡಿ ಬ್ರಾಂಚಿಗೆ ಶಿರ್ವದ ದಾರಿಯ ಕಡೆಯ ಹೆಂಗಸರೂ ಬರುತ್ತಿದ್ದರು. ಅವರಲ್ಲೂ ಓದುವವಳೊಬ್ಬಳು ಇದ್ದಳು. ಕಟ್ಟಿದ ಬೀಡಿ ಒಪ್ಪಿಸುವ ಸಾಲಿನಲ್ಲಿ ನಿಂತು ಒಬ್ಬಳು, "ಪಾಪ, ಅವನಿಗೆ ಗುರುತೇ ಸಿಗಲಿಲ್ಲ ಅಲ್ವಾ" ಎಂದಳು. ನಾನು ಅಕ್ಕನ ಕಡೆ ನೋಡಿದೆ. ಪಡುಮನೆ ಅಕ್ಕ ಸಮಾಧಾನದಿಂದ ತಿರುಗಿ, "ನಿಮ್ಮ ಓದುವವಳು ಒಂದು ಹಾಳೆ ಹಾರಿಸಿರಬೇಕು ಮಾರಾಯ್ತಿ. ಅವನು ಬಂದಿದ್ದಾನೆ" ಎಂದಳು. ಅವರಿವರ ನಡುವೆ ಸ್ವಲ್ಪ ಹೊತ್ತು ಮಾತು ಬೆಳೆಯಿತು. "ನಮ್ಮವಳು ಹೈಸ್ಕೂಲಿಗೆ ಹೋದವಳು, ಗೊತ್ತುಂಟಾ?" "ಹೈಸ್ಕೂಲಿಗೆ ಹೋಗಿ ಎಂತ ಮಾಡುವುದು, ಹಾಳೆ ಅಂಟಿಕೊಂಡದ್ದು ಕಾಣ್ಬೇಕಲ್ಲ!" ಎಲ್ಲರೂ ನಕ್ಕರು. ಅಷ್ಟಕ್ಕೆ ನಿಂತಿತು.

ಆಮೇಲೆ ಬಂತು ಸಿನಿಮಾದ ಸುದ್ದಿ. ಅದೇ ಪತ್ರಿಕೆಯ ಸಿನಿಮಾ ಪುಟದಲ್ಲಿ, ತಲೆಗೆ ಚಿಪ್ಪಿನ ಕಿರೀಟ ಇಟ್ಟುಕೊಂಡ ನಾಯಕಿಯ ಚಿತ್ರ, ಕೆಳಗೆ ನಮ್ಮ ಕಾದಂಬರಿಯ ಹೆಸರು. ಅಮ್ಮ ಆ ಪುಟವನ್ನು ಮಡಚಿ ತಡಪೆಯ ಅಡಿಗೆ ಇಟ್ಟಿದ್ದಳು, ಆದರೆ ಅಪ್ಪ ಬಾಗಿಲಿನಲ್ಲೇ ಎಲ್ಲರಿಗೂ ಹೇಳಿಬಿಟ್ಟಿದ್ದ. ಪತ್ರಿಕೆ ಕೈಯಿಂದ ಕೈಗೆ ಹೋಯಿತು. ಮೀನು ಮಾರುವ ಬುಟ್ಟಿಯನ್ನು ನಾಯಕಿ ಸೊಂಟದ ಮೇಲೆ ಇಟ್ಟುಕೊಂಡ ರೀತಿ ನೋಡಿ ನಕ್ಕದ್ದೇ ನಕ್ಕದ್ದು. "ಇವಳು ಹೀಗೆ ಹಿಡಿದರೆ ಬಂಗುಡೆ ಎಲ್ಲ ಪಾಂಗಾಳ ತಲುಪುವಾಗ ರಸ್ತೆ ಮೇಲೆ!"

ಅಲ್ಲಿಂದ ಶುರುವಾದ ಕಾಯುವಿಕೆ ವರ್ಷಗಳ ಕಾಲ ನಡೆಯಿತು. ಇವತ್ತಿನವರಿಗೆ ಇದು ಅರ್ಥವಾಗುವುದು ಕಷ್ಟ. ಸುದ್ದಿ ಇಷ್ಟೇ ಬರುತ್ತಿತ್ತು, ಉಳಿದದ್ದನ್ನು ನಾವು ಮಾಡಿಕೊಳ್ಳಬೇಕಿತ್ತು. ಕಡಲಿನ ಅಡಿಯ ಊರನ್ನು ಹೇಗೆ ತೋರಿಸುತ್ತಾರೆ ಎಂಬುದೇ ದೊಡ್ಡ ಚರ್ಚೆ. ಕ್ಯಾಮೆರಾ ಒದ್ದೆಯಾದರೆ ಹಾಳಾಗುವುದಿಲ್ಲವೇ? ನೀರಿನ ಒಳಗೆ ಹಾಡು ಹಾಡಿದರೆ ಬಾಯಿಗೆ ಉಪ್ಪು ನೀರು ಹೋಗುವುದಿಲ್ಲವೇ? "ಅವರಿಗೆಲ್ಲ ಮದ್ದು ಕೊಡ್ತಾರೆ, ಉಸಿರು ಹಿಡಿಯುವ ಮದ್ದು" ಎಂದು ಒಬ್ಬಳು ಖಂಡಿತವಾಗಿ ಹೇಳಿದಳು. ಹೊಳೆಯುವ ಮೀನಿನ ಬೀದಿಯನ್ನು ಪ್ರತಿಯೊಬ್ಬಳೂ ತನಗೆ ಬೇಕಾದಂತೆ ಕಟ್ಟಿಕೊಂಡಿದ್ದಳು. ಒಬ್ಬಳಿಗೆ ಅದು ಉಡುಪಿಯ ಪರ್ಯಾಯದ ದಿನದ ರಥಬೀದಿ, ಇನ್ನೊಬ್ಬಳಿಗೆ ಬೊಂಬಾಯಿ.

ಸಿನಿಮಾಕ್ಕಿಂತ ಮೊದಲು ಹಾಡು ರೇಡಿಯೋದಲ್ಲಿ ಬಂತು. ಹಾಡು ಬರುವಾಗ ಕತ್ತರಿ ನಿಲ್ಲುತ್ತಿತ್ತು.

ಒಮ್ಮೆ ಕಾಪುವಿನ ದೀಪಸ್ತಂಭದ ಬಂಡೆಯ ಹತ್ತಿರವೇ ಶೂಟಿಂಗ್ ಎಂದು ಸುದ್ದಿಯಾಯಿತು. ಬೆಳಿಗ್ಗೆಯೇ ಬೀಡಿ ಮುಗಿಸಿ, ತಲೆಗೆ ಮಲ್ಲಿಗೆ ಮುಡಿದು, ಪೆಟ್ಟಿಗೆಯ ಸೀರೆ ಉಟ್ಟು ಎಲ್ಲರೂ ದಡದ ಹೊಯ್ಗೆಯ ಮೇಲೆ ಹೋಗಿ ಕುಳಿತೆವು. ಬಿಸಿಲಿಗೆ ಮಲ್ಲಿಗೆ ಬಾಡಿತು. ಒಂದು ಕಾರು ಬಂತು, ಒಂದಿಬ್ಬರು ಇಳಿದು ಬಂಡೆ ನೋಡಿದರು, ಬೊಂಡ ಕೆತ್ತಿಸಿ ಎಳನೀರು ಕುಡಿದರು, "ಇಲ್ಲಿ ಗಾಳಿ ಜಾಸ್ತಿ" ಎಂದು ಹೇಳಿಕೊಂಡು ಹೋದರು. ಮದ್ರಾಸಿನಲ್ಲಿ ದೊಡ್ಡ ತೊಟ್ಟಿ ಕಟ್ಟಿಸಿ ಅದರಲ್ಲೇ ತೆಗೆಯುತ್ತಾರಂತೆ ಎಂದು ಆಮೇಲೆ ಗೊತ್ತಾಯಿತು. "ಇಷ್ಟು ದೊಡ್ಡ ಕಡಲು ಇಲ್ಲಿ ಬಿಟ್ಟಿ ಬಿದ್ದುಕೊಂಡಿರುವಾಗ ತೊಟ್ಟಿ ಕಟ್ಟಿಸುವುದಂತೆ, ಎಂತ ಜನ ಮಾರಾಯ್ತಿ!" ಎಂದು ಬೈದುಕೊಳ್ಳುತ್ತ ಮನೆಗೆ ಬಂದೆವು. ಪಡುಮನೆ ಅಕ್ಕ ಬೈಯಲಿಲ್ಲ. ದಾರಿಯಲ್ಲಿ ಅಮ್ಮನನ್ನು ಕೇಳಿದಳು, "ಅವನು ಬರುವುದನ್ನೂ ತೊಟ್ಟಿಯಲ್ಲೇ ತೆಗೀತಾರಾ?" ಅಮ್ಮ ಚಪ್ಪಲಿಯ ಹೊಯ್ಗೆ ಕೊಡವಲು ನಿಂತಳು.

ಅಷ್ಟರಲ್ಲಿ ನಾನು ಶಾಲೆ ಬಿಟ್ಟಿದ್ದೆ. ಎಂಬತ್ತರ ದಶಕ ಶುರುವಾಗುವಾಗ ಮಣಿಪಾಲದ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸ ಸಿಕ್ಕಿತು. ಬೆಳಿಗ್ಗೆ ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಗುಡ್ಡ ಹತ್ತುವ ಇನ್ನೊಂದು. ಬುತ್ತಿಯಲ್ಲಿ ಕುಚ್ಚಲಕ್ಕಿ ಅನ್ನ, ಮೇಲೆ ಮಾವಿನ ಮಿಡಿ. ಸಂಜೆ ಮನೆಗೆ ಬರುವಾಗ ಪಡುಮನೆ ಅಕ್ಕ ಬೇಲಿಯ ಹತ್ತಿರ ನಿಂತಿರುವಳು. "ಉಡುಪಿಯ ಟಾಕೀಸಿನ ಬೋರ್ಡ್ ನೋಡಿದ್ಯಾ? ಎಂತ ಹಾಕಿದ್ದಾರೆ?" ನಾನು ಬೇರೆ ಯಾವುದೋ ಸಿನಿಮಾದ ಹೆಸರು ಹೇಳುತ್ತಿದ್ದೆ. "ಆಗ್ಲಿ" ಎಂದು ಒಳಗೆ ಹೋಗುವಳು. ಹಗ್ಗದ ಮೇಲಿನ ಬೈರಾಸಿನ ಬಣ್ಣ ಹೋಗಿ ಅಂಚು ಮಾತ್ರ ಕಾಣುತ್ತಿತ್ತು.

ಅವಳ ಮೈದುನನಿಗೆ ಮದುವೆಯ ಪ್ರಾಯ ದಾಟುತ್ತಿತ್ತು. ಹೆಣ್ಣು ನೋಡಲು ಹೋದಲ್ಲೆಲ್ಲ ಒಂದೇ ಮಾತು: ಹೋದವನನ್ನು ಒಳಗೆ ಕರೆಯದ ಮನೆಗೆ ನಾವು ಹುಡುಗಿಯನ್ನು ಕಳಿಸುವುದು ಹೇಗೆ? ಮೈದುನ ಒಳ್ಳೆಯವನು, ಅತ್ತಿಗೆಗೆ ಒಂದು ಮಾತು ಜೋರಾಗಿ ಹೇಳಿದವನಲ್ಲ. ಅವನ ತಾಯಿಯೇ ಒಂದು ಭಾನುವಾರ ನಮ್ಮ ಚಾವಡಿಗೆ ಬಂದು, ಎಲ್ಲರ ಎದುರು ಕೇಳಿದಳು. "ನಾನು ಹೆತ್ತವಳು. ನಾನೇ ಬಿಟ್ಟುಕೊಟ್ಟೆ. ನೀನು ಎಷ್ಟು ಕಾಲ ಅವನನ್ನು ಹೊರಗೆ ನಿಲ್ಲಿಸ್ತೀ?"

ಪಡುಮನೆ ಅಕ್ಕ ಎಲೆ ಕತ್ತರಿಸುತ್ತಲೇ ಇದ್ದಳು. ಮತ್ತೆ ಹೇಳಿದಳು, "ಆ ಸಿನಿಮಾ ಒಂದು ಬರಲಿ ಅತ್ತೆ. ಅದನ್ನು ನೋಡಿಬಿಡ್ತೇನೆ. ಆಮೇಲೆ ನೋಡುವ."

ಯಾರೋ ನಗಲು ಹೊರಟು ತಲೆ ತಗ್ಗಿಸಿ ನೂಲು ಸುತ್ತಿದರು. ಅತ್ತೆ ಎದ್ದು ಹೋದಳು. ಅಕ್ಕ ಅಮ್ಮನ ಕಡೆ ತಿರುಗಿದಳು. "ನಾನು ಹುಚ್ಚಿ ಅಲ್ಲ ಟೀಚರಕ್ಕ. ಕಥೆ ಕಥೆಯೇ, ನನಗೆ ಗೊತ್ತುಂಟು. ಆದರೆ ನೀವು ಓದಿದ್ದನ್ನು ಒಮ್ಮೆ ಕಣ್ಣಲ್ಲಿ ನೋಡಬೇಕು. ಹೇಗೆ ಬರ್ತಾರೆ ಅಂತ."

ಆ ದಿನದಿಂದ ಅಮ್ಮನಿಗೆ ಸಿನಿಮಾ ಎಂದರೆ ಭಯ. ಕಾದಂಬರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ? ಅವನು ಬದಿಗೆ ಸರಿದು ದಾರಿ ಬಿಟ್ಟುಬಿಟ್ಟರೆ? "ಅದು ಬಾರದೆಯೇ ಹೋಗಲಿ" ಎಂದು ಅಮ್ಮ ಕಾಪುವಿನ ಮಾರಿಗುಡಿಗೆ ಹರಕೆ ಹೇಳಿಕೊಂಡದ್ದು ನನಗೆ ಗೊತ್ತು. ಊರೆಲ್ಲ ಬರಲಿ ಎಂದು ಕಾಯುತ್ತಿದ್ದ ಸಿನಿಮಾ ಬಾರದಿರಲಿ ಎಂದು ಹೂವು ಕೊಟ್ಟವಳು ಅವಳೊಬ್ಬಳೇ ಇರಬೇಕು.

ಆದರೂ ಬಂತು. ಉಡುಪಿಯಲ್ಲಿ ಬೇರೊಂದು ಸಿನಿಮಾ ಹೌಸ್‌ಫುಲ್ ಓಡುತ್ತಿದ್ದುದರಿಂದ ಕಾರ್ಕಳಕ್ಕೆ ಮೊದಲು ಬಂತು. ಅಲ್ಲೇ ಹತ್ತಿರ ಕುಕ್ಕುಂದೂರಿನಲ್ಲಿದ್ದ ನನ್ನ ಸೋದರತ್ತೆ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದಳು. ಕಂಡಕ್ಟರ್ ಕಾಪು ಪೇಟೆಯಲ್ಲಿ ಇಳಿದು ಬೊಬ್ಬೆ ಹೊಡೆದು ಹೇಳಿದ್ದರಿಂದ ಮುಚ್ಚಿಡುವ ದಾರಿಯೇ ಇರಲಿಲ್ಲ.

ಭಾನುವಾರ ನಾವು ಮೂವರು ಹೊರಟೆವು. ಉಳಿದವರು ಉಡುಪಿಗೆ ಬಂದಾಗ ನೋಡುತ್ತೇವೆ ಎಂದರು. ಪಡುಮನೆ ಅಕ್ಕ ಹಸಿರು ಅಂಚಿನ ಸೀರೆ ಉಟ್ಟಿದ್ದಳು, ಕುಂಕುಮ ಸ್ವಲ್ಪ ದೊಡ್ಡದಾಗಿಯೇ ಇಟ್ಟಿದ್ದಳು. ಅಮ್ಮ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು: "ಕೊನೆ ಬರುವ ಮೊದಲು ನಾನು ಬಸ್ಸು ತಪ್ತದೆ ಅಂತೇನೆ. ನೀನೂ ಹೌದು ಅನ್ನು. ಎಬ್ಬಿಸಿಕೊಂಡು ಬರುವ." ಶಿರ್ವದಲ್ಲಿ ಬಸ್ಸು ನಿಂತಾಗ ಇಗರ್ಜಿಯ ಆಚೆಗೆ ಗಲ್ಫಿನ ದುಡ್ಡಿನಿಂದ ಎದ್ದ ಹೊಸ ಮನೆಗಳು, ಗುಲಾಬಿ, ಹಳದಿ, ತಿಳಿನೀಲಿ. ಅಕ್ಕ ಕಿಟಕಿಯಿಂದ ನೋಡಿ, "ಇವರ ಗಂಡಂದಿರೂ ಕಡಲು ದಾಟಿ ಹೋದವರೇ. ಇವರವರು ಬರ್ತಾರೆ, ಸೂಟ್‌ಕೇಸ್ ಹಿಡ್ಕೊಂಡು" ಎಂದು ನಕ್ಕಳು. ಬೆಳ್ಮಣ್ ದಾಟಿದ ಮೇಲೆ ಟಾಕೀಸು ಇನ್ನೆಷ್ಟು ದೂರ ಎಂದು ಕಂಡಕ್ಟರನನ್ನು ಕೇಳಿದಳು.

ಮ್ಯಾಟಿನಿಗೆ ಟಾಕೀಸು ತುಂಬಿತ್ತು. ಹೆಂಗಸರ ಬದಿಯ ಬೆಂಚಿನಲ್ಲಿ ಅಕ್ಕನನ್ನು ನಡುವೆ ಕೂರಿಸಿ ನಾವು ಆಚೆ ಈಚೆ ಕುಳಿತೆವು. ಕಡಲಡಿಯ ಊರು ಬಂದಾಗ ಜನ ಶಿಳ್ಳೆ ಹೊಡೆದರು. ನೀಲಿ ಬಳಿದ ಪರದೆ, ಪ್ಲಾಸ್ಟರಿನ ಹವಳ. ಮುಂದೆ ಒಂದು ಗಾಜಿನ ಪೆಟ್ಟಿಗೆ ಇಟ್ಟು ಅದರ ಹಿಂದೆ ನಾಯಕಿಯನ್ನು ನಡೆಸಿದ್ದರು, ಪೆಟ್ಟಿಗೆಯಲ್ಲಿ ಕೆಂಪು ಮೀನುಗಳು ಅವಳ ಮೂಗಿನ ಮುಂದೆಯೇ ತಿರುಗುತ್ತಿದ್ದವು. ನನ್ನ ಮನಸ್ಸಿನಲ್ಲಿ ಅಷ್ಟು ವರ್ಷ ಇದ್ದ ಬೀದಿ, ಹೊಳೆಯುವ ಮೀನುಗಳು ತೋರಣದ ಹಾಗೆ ಸಾಲಾಗಿ ನಿಂತ ಬೀದಿ, ಆ ಹೊತ್ತಿಗೆ ಎಲ್ಲಿ ಹೋಯಿತೋ. ಈಗ ನೆನಪಿಸಿಕೊಂಡರೂ ಗಾಜಿನ ಪೆಟ್ಟಿಗೆಯೇ ಬರುತ್ತದೆ.

ಹೆಂಡತಿ ಗಂಡನ ಮುಂದೆ ನಿಂತಳು. ಅವನು ಗುರುತಿಲ್ಲದೆ ನೋಡಿದ. ಅಮ್ಮ ಎದ್ದೇಬಿಟ್ಟಳು. "ಏಳು ಮಾರಾಯ್ತಿ, ಬಸ್ಸು ತಪ್ತದೆ. ಇದರ ಮೇಲೆ ಎಂತದೂ ಇಲ್ಲ, ಬರೇ ಹಾಡು."

"ಬಸ್ಸು ಹೋದ್ರೆ ಹೋಗ್ಲಿ" ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಹಿಂದಿನವರು ಕೂತ್ಕೊಳ್ಳಿ ಎಂದು ಗದರಿದರು. ಅಮ್ಮ ಕುಳಿತಳು. ಅವಳ ಕೈ ಬೆಂಚಿನ ಅಂಚನ್ನು ಹಿಡಿದದ್ದು ನನಗೆ ಕಾಣುತ್ತಿತ್ತು.

ಆಗ ನಾಯಕಿ ಹಾಡಿದಳು, ರೇಡಿಯೋದಲ್ಲಿ ಬರುತ್ತಿದ್ದ ಅದೇ ಹಾಡು. ಹಾಡು ಮುಗಿಯುವಾಗ ಗಂಡನಿಗೆ ಎಲ್ಲ ನೆನಪಾಯಿತು. ಬಟ್ಟಲು ಒಡೆದ, ಕಾವಲಿನವರನ್ನು ಹೊಡೆದ, ಹೆಂಡತಿಯ ಕೈ ಹಿಡಿದುಕೊಂಡು ಮೇಲಕ್ಕೆ ಚಿಮ್ಮಿದ. ಮರುಕ್ಷಣ ಇಬ್ಬರೂ ಹೊಯ್ಗೆಯ ಮೇಲೆ ಓಡುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಗುಂಗುರು ಮಾಡಿ ಬಾಚಿದ ಕೂದಲು. ಟಾಕೀಸಿನಲ್ಲಿ ಚಪ್ಪಾಳೆ.

ಅಮ್ಮ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಬೆಳಕು ಬಂದಾಗ ಅವಳ ಮುಖ ಹಬ್ಬದ ದಿನದ ಹಾಗಿತ್ತು. ತಾನು ಕಟ್ಟಿ ಹೇಳಿದ್ದನ್ನೇ ಸಿನಿಮಾದವರೂ ಮಾಡಿದ್ದರಲ್ಲ! ಅಕ್ಕನ ಭುಜ ತಟ್ಟಿ, "ನೋಡಿದ್ಯಾ? ಬಂದ ಅಲ್ವಾ?" ಎಂದಳು.

"ಬಂದ" ಎಂದಳು ಅಕ್ಕ.

ಬಸ್ಸು ತಪ್ಪಿರಲಿಲ್ಲ. ಸಂಜೆಯ ಬಿಸಿಲು ಗದ್ದೆಗಳ ಮೇಲೆ ಓರೆಯಾಗಿ ಬಿದ್ದಿತ್ತು. ಅಮ್ಮ ಖುಷಿಯಲ್ಲಿ ಕಡಲೆ ಕೊಂಡು ಇಬ್ಬರಿಗೂ ಹಂಚಿದಳು. ಅಕ್ಕ ತನ್ನ ಪಾಲಿನ ಪೊಟ್ಟಣವನ್ನು ಬಿಡಿಸದೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬೆಳ್ಮಣ್ ಕಳೆದ ಮೇಲೆ ಹೇಳಿದಳು:

"ಟೀಚರಕ್ಕ, ಅವನ ತಲೆ ಒಣಗಿತ್ತು."

"ಸಿನಿಮಾ ಅಲ್ವಾ ಮಾರಾಯ್ತಿ. ಅವರಿಗೆ ಎಂತ ಗೊತ್ತು?"

"ಹೌದು, ಸಿನಿಮಾ." ಮಡಿಲ ಪೊಟ್ಟಣವನ್ನು ಅಮ್ಮನ ಕೈಗೆ ಕೊಟ್ಟು, "ನೀವು ಓದಿದ ದಿನ ನನಗೆ ವಾಸನೆ ಬಂದಿತ್ತು, ಪಾಚಿಯದ್ದು, ನಮ್ಮವರ ಮೈಯದ್ದು. ಆಮೇಲೆ ಯಾವಾಗ ಕಣ್ಣು ಮುಚ್ಚಿದರೂ ಅವರು ಹಾಗೆಯೇ ಬರ್ತಿದ್ರು. ಕಾಲು ಅದುರಿಸಿಕೊಂಡು. ಈಗ ಕಣ್ಣು ಮುಚ್ಚಿ ನೋಡಿದೆ. ಅವನೇ ಬರ್ತಾನೆ. ಆ ಒಣ ತಲೆಯವನು."

ಅಮ್ಮ ಅವಳ ಕಡೆ ತಿರುಗಿ, "ನಾಳೆಗೆ ಸರಿಯಾಗ್ತದೆ" ಎಂದಳು.

"ಇನ್ನೊಮ್ಮೆ ನೋಡುವ ಅಂತ ಮತ್ತೆ ಮತ್ತೆ ಮುಚ್ಚಿದೆ. ಅವನೇ." ಶಿರ್ವ ಬಂತು, ಜನ ಇಳಿದರು, ಹತ್ತಿದರು. ಬಸ್ಸು ಹೊರಟ ಮೇಲೆ ಅಕ್ಕ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು: "ಅತ್ತೆಗೆ ಹೇಳ್ತೇನೆ. ಬೊಜ್ಜಕ್ಕೆ ದಿನ ನೋಡ್ಲಿ."

ಕಾಪುವಿನಲ್ಲಿ ಇಳಿಯುವಾಗ ಅಮ್ಮನ ಮುಖದಲ್ಲಿ ಆ ಖುಷಿ ಏನೂ ಉಳಿದಿರಲಿಲ್ಲ. ಇಷ್ಟು ವರ್ಷ ಅವಳು ಹೆದರಿದ್ದು ಸಿನಿಮಾದಲ್ಲಿ ಅವನು ಬಾರದೆ ಹೋಗುವುದಕ್ಕೆ. ಬಂದರೆ ಹೀಗಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

ಬೊಜ್ಜ ನಡೆಯಿತು. ಮಲ್ಪೆಯಿಂದ ನೆಂಟರು ಬಂದರು. ಅನ್ನ, ಕಡ್ಲೆ ಪದಾರ್ಥ, ಅವನಿಗೆ ಇಷ್ಟವಾಗಿದ್ದ ನಂಗು ಮೀನಿನ ಗಸಿ ಎಲ್ಲವನ್ನೂ ಎಲೆಯಲ್ಲಿ ಬಡಿಸಿದರು. ಕರೆಯುವ ಹೊತ್ತಿಗೆ ಬಾಗಿಲು ತೆರೆದು ಎಲ್ಲರೂ ಬದಿಗೆ ಸರಿದು ನಿಂತರು. ಆಗ ಅಕ್ಕ ಅಂಗಳಕ್ಕೆ ಇಳಿದು, ಹಗ್ಗದಿಂದ ಬೈರಾಸನ್ನು ತೆಗೆದು ತಂದು ಹೊಸ್ತಿಲ ಮೇಲೆ ಹಾಸಿದಳು. ಹೀಗೆ ಮಾಡುವ ಕ್ರಮ ನಮ್ಮಲ್ಲಿಲ್ಲ. ಹಿರಿಯರೊಬ್ಬರು ಏನೋ ಹೇಳಲು ಬಾಯಿ ತೆರೆದರು, ಅವಳ ಅತ್ತೆ ಕೈ ಎತ್ತಿ ತಡೆದಳು. "ಇರ್ಲಿ. ಒದ್ದೆಯಲ್ಲಿ ಬರ್ತಾನೆ." ಆಮೇಲೆ ಕರೆದರು. ನನ್ನ ಅಮ್ಮ ಹಿತ್ತಿಲಿನ ಬಾವಿಕಟ್ಟೆಯ ಹತ್ತಿರ ನಿಂತುಬಿಟ್ಟಿದ್ದಳು, ಒಳಗೆ ಬರಲಿಲ್ಲ.

ಮೈದುನನ ಮದುವೆ ಮುಂದಿನ ಬೇಸಿಗೆಯಲ್ಲಿ ಆಯಿತು. ಸಿನಿಮಾ ಉಡುಪಿಗೂ ಬಂತು, ಕೊನೆಗೆ ಕಾಪುವಿನ ಟೆಂಟಿಗೂ ಬಂತು. ಚಾವಡಿಯ ಹೆಂಗಸರೆಲ್ಲ ನೋಡಿ ಬಂದು, ಗಾಜಿನ ಪೆಟ್ಟಿಗೆಯ ಮೀನಿಗೆ ನಗಾಡಿದರು, ಹಾಡಿಗೆ ಅತ್ತರು. "ಟೀಚರಕ್ಕ ಓದಿದ ಹಾಗೆಯೇ ಉಂಟು, ಆದರೆ ನೀವು ಓದಿದ್ದೇ ಚಂದ" ಎಂದರು. ಅಮ್ಮ ಆ ಹೊಗಳಿಕೆಗೆ ತಲೆ ಎತ್ತಲಿಲ್ಲ.

ಕೆಲವು ತಿಂಗಳು ಪಡುಮನೆ ಅಕ್ಕ ಚಾವಡಿಗೆ ಬರಲಿಲ್ಲ, ಮನೆಯಲ್ಲೇ ಕಟ್ಟುತ್ತಿದ್ದಳು. ಮಳೆ ಹಿಡಿದ ಮೇಲೆ ಒಂದು ಭಾನುವಾರ ತಡಪೆಯ ಮೇಲೆ ಗೋಣಿ ಮುಚ್ಚಿಕೊಂಡು ಬಂದಳು. ಬರಿಯ ಕುತ್ತಿಗೆ. ಯಾರೂ ಅದನ್ನು ನೋಡದವರ ಹಾಗೆ ಅವಳಿಗೆ ಗೋಡೆಯ ಹತ್ತಿರ ಜಾಗ ಬಿಟ್ಟರು. ಅಮ್ಮ ಹೊಸ ಧಾರಾವಾಹಿಯೊಂದನ್ನು ತೆಗೆದಿದ್ದಳು. ಮಾಯದ್ದಲ್ಲ, ಯಾವುದೋ ಊರಿನ ಒಂದು ಸಂಸಾರದ ಕಥೆ.

ಅಕ್ಕ ಎಲೆಗೆ ನೀರು ಚಿಮುಕಿಸುತ್ತ, ಮೆಲ್ಲಗೆ, ಅಮ್ಮನಿಗೆ ಮಾತ್ರ ಕೇಳುವಂತೆ ಹೇಳಿದಳು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಬರೆದದ್ದನ್ನೇ ಓದಿ ಟೀಚರಕ್ಕ."

ಅಮ್ಮ ಕಥೆ ಬದಲಿಸಿದ್ದು ಅವಳಿಗೆ ಯಾವಾಗಿನಿಂದ ಗೊತ್ತಿತ್ತೋ. ಅಮ್ಮ ಕನ್ನಡಕ ಒರಸಿಕೊಂಡಳು. ಅಲ್ಲಿಯವರೆಗೆ ಓದುವಾಗ ಅವಳು ಸಾಲಿನ ಕೆಳಗೆ ಬೆರಳು ಇಟ್ಟದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಇಟ್ಟಳು. ಒಂದೊಂದೇ ಮಾತನ್ನು ತುಳುವಿಗೆ ತಂದು, ಬೆರಳು ಮುಂದೆ ಸರಿಸಿ, ಮತ್ತೆ ಒಂದು ಮಾತು. "ಎಂತ ಟೀಚರಕ್ಕ, ಇವತ್ತು ಪಂಚಾಯ್ತಿಯ ನೋಟೀಸು ಓದಿದ ಹಾಗೆ!" ಎಂದು ಆಚೆಯ ಗೋಡೆಯಿಂದ ಯಾರೋ ಕುಟುಕಿದರು. ಅಮ್ಮ ಹಾಗೆಯೇ ಓದಿದಳು. ಆ ಕಥೆಯಲ್ಲಿ ಕೆಲವು ವಾರಗಳ ಮೇಲೆ ಒಂದು ಮಗು ಜ್ವರ ಬಂದು ಸತ್ತಿತು. ಸತ್ತಿತು ಎಂದೇ ಓದಿದಳು. ಹೊರಗೆ ಮಳೆ ಹೊಯ್ಯುತ್ತಿತ್ತು, ಎಲೆ ಒಣಗದೆ ಮೆತ್ತಗಿದ್ದುದರಿಂದ ಎಲ್ಲರೂ ಬೇಗ ಬೇಗ ಕಟ್ಟುತ್ತಿದ್ದರು. ಏಳುವಾಗ ಒಬ್ಬೊಬ್ಬರೇ ಬಂದು ಅಮ್ಮನ ತಡಪೆಗೆ ಹಿಡಿ ಹಾಕಿದರು. ಪಡುಮನೆ ಅಕ್ಕನೂ ಹಾಕಿದಳು.